ಫೈವ್ ನೈನ್ ಎಂಬ ಔದಾರ್ಯ

ನಾನು ಸ್ವಭಾವತಃ ಸಿಟ್ಟಿನ ಮನುಷ್ಯನಲ್ಲ. ಹಾಗೆಂದು ನಾನು ಹೇಳುತ್ತೇನೆ. ಮನೆಯಲ್ಲಿ ಯಾರೂ ಹೇಳುವುದಿಲ್ಲ. ಆದರೆ ಹವ್ಯಾಸಿ ರೇಡಿಯೊದವರ ಸ್ಪರ್ಧೆಗಳು ಬಂದರೆ ಎಂಥ ಸಾಧುವಿಗೂ ತಲೆ ಕೆಡುತ್ತದೆ. ಭಾನುವಾರ ಬೆಳಿಗ್ಗೆ ಹಿಂಡಲಗಾದ ನನ್ನ ಮನೆಯಿಂದ ಜಾಂಬೋಟಿಯ ಗೆಳೆಯ ಮಾರುತಿಯೊಡನೆ ರೇಡಿಯೊದಲ್ಲಿ ಹರಟುವುದು ನನಗಿರುವ ಒಂದೇ ಸುಖ. ಅವನೂರಿನಲ್ಲಿ ಮೊಬೈಲು ಸಿಗುವುದಿಲ್ಲ. ಸ್ಪರ್ಧೆಯ ದಿನ ಮಾತ್ರ ತರಂಗಾಂತರದಲ್ಲಿ ನಮ್ಮ ಮಾಮೂಲಿ ಜಾಗಕ್ಕೆ ದೇಶದೇಶದವರು ನುಗ್ಗಿ ಒದರುತ್ತಾರೆ. ಹೆಚ್ಚು ಜನರನ್ನು ಹಿಡಿದವನು ಗೆದ್ದ; ಯಾರಿಗೂ ಮಾತು ಬೇಡ. ಸಿಕ್ಕವರಿಗೆಲ್ಲ ಒಂದು ‘ಫೈವ್ ನೈನ್’, ಅವರು ಎಷ್ಟನೆಯವರೆಂಬ ಒಂದು ಕ್ರಮಸಂಖ್ಯೆ, ಮುಗಿಯಿತು, ಮುಂದಿನವರು. ಫೈವ್ ನೈನ್ ಎಂದರೆ ನಿಮ್ಮ ದನಿ ಸ್ವಚ್ಛವಾಗಿ, ಭರ್ಜರಿಯಾಗಿ ಕೇಳುತ್ತಿದೆ ಎಂದರ್ಥ. ‘ಏನೂ ಕೇಳಿಸುತ್ತಿಲ್ಲ, ಇನ್ನೊಮ್ಮೆ ಹೇಳಿ’ ಎಂದು ಗೋಗರೆದವನೂ ಕೊನೆಗೆ ಕೊಡುವುದು ಫೈವ್ ನೈನೇ. ಸುಳ್ಳಿಗೂ ಒಂದು ಮಿತಿ ಬೇಡವೇ?

ಮಳೆಗಾಲಕ್ಕೆ ಮೊದಲು ಮಾರುತಿ ಮರದ ಮೇಲೆ ರೇಡಿಯೊಗೆ ಹೊಸ ಆಂಟೆನಾ ತಂತಿ ಕಟ್ಟಿದ್ದ. “ರವಿವಾರ ಇದರ ಮ್ಯಾಲ ಕೂಗ್ತೀನಿ. ಹೆಂಗ ಕೇಳ್ತೈತಿ, ಖರೇ ಹೇಳು. ಚಲೋ ಇದ್ರ ಹಳೇದು ಇಳಿಸ್ತೀನಿ, ನಮ್ಮಾಕಿಗೆ ಅರಿವಿ ಒಣಹಾಕಾಕ ತಂತಿ ಬೇಕಾಗೇತಿ” ಎಂದಿದ್ದ.

ಆ ಭಾನುವಾರವೇ ಸ್ಪರ್ಧೆ ಬಂದು ವಕ್ಕರಿಸಬೇಕೇ! ನಮ್ಮ ಜಾಗದಲ್ಲಿ ಯಾವನೋ ಕೂತು ಅರಚುತ್ತಿದ್ದ. ಜಾಗ ಬಿಡಪ್ಪಾ ಎಂದರೆ ‘ಫೈವ್ ನೈನ್, ನಿಮ್ಮ ಸಂಖ್ಯೆ?’ ಎಂದ. ಪೀಡೆ ತೊಲಗಲಿ ಎಂದು ನಾನೂ ‘ಫೈವ್ ನೈನ್, ಒಂದು’ ಎಂದೆ. ಅದನ್ನು ಕೇಳಿ ಇನ್ನೊಬ್ಬ ನನ್ನನ್ನೇ ಕರೆದ. ಅವನಿಗೆ ಎರಡು. ಮತ್ತೊಬ್ಬನಿಗೆ ಮೂರು. ಹೆಂಡತಿ ಉಪ್ಪಿಟ್ಟು ತಂದಿಟ್ಟು, “ಈಗರೇ ಅವರ್ನ ಬೈಯಾಕತ್ತಿದ್ರಿ, ನೀವೂ ಅದನ್ನ ಒದರಾಕತ್ತೀರಲ್ರೀ?” ಎಂದಳು. ಉತ್ತರಿಸಲು ಪುರುಸೊತ್ತೆಲ್ಲಿ? ಅಷ್ಟರಲ್ಲಿ ಗದ್ದಲದ ಅಡಿಯಿಂದ ಸೊಳ್ಳೆ ಗುಂಯ್‌ಗುಟ್ಟಿದಂತೆ ಒಂದು ದನಿ. ತಿಳಿದದ್ದು ಮಾರುತಿ ಎಂಬ ಹೆಸರಷ್ಟೇ. ನಾಲಿಗೆಗೆ ಅಭ್ಯಾಸವಾಗಿಬಿಟ್ಟಿತ್ತು. “ಫೈವ್ ನೈನ್, ಥ್ಯಾಂಕ್ಯೂ, ಮುಂದಿನವರು” ಎಂದುಬಿಟ್ಟೆ.

ಮುಂದಿನ ಭಾನುವಾರ ಸ್ಪರ್ಧೆಯಿರಲಿಲ್ಲ. ಪುಣ್ಯ ಬಂತು ಎಂದುಕೊಂಡು ಮಾರುತಿಯನ್ನು ಕರೆದೆ. ಬಂದದ್ದು ಅದೇ ಸೊಳ್ಳೆ. ಒಂದು ಮಾತೂ ತಿಳಿಯಲಿಲ್ಲ. ಮಧ್ಯಾಹ್ನ ಅವನು ಖಾನಾಪುರದ ಸಂತೆಗೆ ಬಂದು ಫೋನು ಮಾಡಿದ.

“ನೀ ಬಾಜು ಮನಿಯಾಗಿಂದ ಮಾತಾಡಿದಂಗ ಕೇಳ್ತಪಾ. ನಂದು?”

“ಏನೂ ತಿಳೀಲಿಲ್ಲೋ. ಹಳೇ ತಂತಿನ ಕಟ್ಟು.”

“ಹೋದ ರವಿವಾರ ಫೈವ್ ನೈನ್ ಅಂದಿ. ಮಂದಿ ಹಂಗ ಸುಳ್ಳ ಅಂತಾರ, ಗೊತ್ತೈತಿ. ನೀ ಅಂದಿ ಅಂತ ನಂಬಿ ಹಳೇದು ಇಳಿಸೇನಿ. ಈಗ ಮಳಿ ಹತ್ತೇತಿ, ಮರ ಜಾರತೈತಿ. ಇನ್ನ ದಸರಾಕ್ಕ ಮಾತಾಡೂಣು.”

ಸಿಟ್ಟು ನೆತ್ತಿಗೇರಿತು. ಈ ಸ್ಪರ್ಧೆಯವರಿಗೆ ಎರಡು ಮಾತು ಅಂದೇಬಿಡುತ್ತೇನೆ ಎಂದು ರೇಡಿಯೊ ಹಾಕಿದೆ. ಎಲ್ಲ ಖಾಲಿ ಬಿದ್ದಿತ್ತು. ಬೈಸಿಕೊಳ್ಳಲು ಅಲ್ಲಿ ನಾನೊಬ್ಬನೇ ಇದ್ದೆ.