ನಾರುಹುಣ್ಣಿನ ರೋಗಿ ಬೇಕಾಗಿದ್ದಾನೆ

ಚಿಂಚೋಳಿ ಹತ್ತಿರದ ನಮ್ಮ ಆರೋಗ್ಯ ಕೇಂದ್ರದಲ್ಲಿ ಅತಿಥಿಗಳಿಗೆಂದು ಇದ್ದ ಒಂದೇ ಬೆತ್ತದ ಕುರ್ಚಿಯ ಕಾಲು ಮುರಿದು, ವೈದ್ಯಕೀಯ ವಲಯದಲ್ಲಿ ತೀವ್ರ ಕಳವಳ ಉಂಟಾಯಿತು. ಕೇಂದ್ರವನ್ನು ನಡೆಸುತ್ತಿದ್ದುದು ವಿಶ್ವವಿದ್ಯಾಲಯ, ನಾನು ಅಲ್ಲಿ ಕಂಪೌಂಡರ್. ಇಂಥವು ನಮ್ಮಲ್ಲಿ ಆಗುತ್ತಲೇ ಇರುತ್ತಿದ್ದವು. ಆದರೆ ಈ ಸಲ ಪ್ರೊಫೆಸರರ ಸಮಿತಿ ಬರುವುದಿತ್ತು.

ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದರೆ, ಕಾಲಿನಿಂದ ದಾರದಂಥ ಹುಳು ಹೊರಬರುವ ನಾರುಹುಣ್ಣು ಬರುವುದಿಲ್ಲವೆಂದು ನಮ್ಮ ಡಾಕ್ಟರರು ಹಳ್ಳಿಗಳಲ್ಲಿ ತೋರಿಸಿಕೊಟ್ಟಿದ್ದರು. ಸಮಿತಿ ಈ ಸಂಶೋಧನೆಯನ್ನು ಒಪ್ಪಿದರೆ ಡಾಕ್ಟರರಿಗೆ ಸನ್ಮಾನ, ಜೊತೆಗೆ ಪಟ್ಟಣದ ಕಾಲೇಜಿಗೆ ವರ್ಗ. ಅವರ ಹೆಂಡತಿ ಮದುವೆಯಾದಾಗಿನಿಂದ ವಾಡಿ ಸ್ಟೇಷನ್ ದಾಟಿ ಈಚೆ ಬರಲು ಒಪ್ಪಿರಲಿಲ್ಲ.

ಒಬ್ಬನಾದರೂ ಬೇಕು

ಸಮಿತಿ ಹೇಳಿ ಕಳಿಸಿತ್ತು: ರೋಗಿಗಳನ್ನು ತೋರಿಸಬೇಕು. ಜೀಪು ಹತ್ತಿ ಚಂದ್ರಂಪಳ್ಳಿಯ ಕಡೆಯೆಲ್ಲ ತಿರುಗಿದೆವು. ಕಾಲುಗಳೆಲ್ಲ ನೆಟ್ಟಗಿದ್ದವು. ಒಂದು ಊರಿನ ಗೌಡರಿಗೆ ಬಹಳ ಬೇಜಾರಾಯಿತು.

"ತಪ್ಪಾತ್ರಿ ಡಾಕ್ಟರ್ ಸಾಹೇಬ್ರ. ಮೊದ್ಲೇ ಹೇಳಿದ್ರ ಒಬ್ಬನ್ನರ ಇಟ್ಟಿರತಿದ್ವಿ."

ತಲೆಯ ಮೇಲೆ

ಸಮಿತಿ ಅದೇ ಊರಿಗೆ ಬಂತು. ಗಂಡಸರೆಲ್ಲ ಹೊಸ ಬಿಳಿ ರುಮಾಲು ಸುತ್ತಿ ಸಾಲಾಗಿ ಕೂತಿದ್ದರು.

"ನೀರು ಸೋಸಲು ಕೇಂದ್ರದವರು ಕೊಟ್ಟ ಬಟ್ಟೆ ಎಲ್ಲಿ?" ಎಂದರು ಹಿರಿಯ ಪ್ರೊಫೆಸರರು.

ಎಲ್ಲರೂ ತಲೆ ಮುಟ್ಟಿ ತೋರಿಸಿದರು.

"ಸರಕಾರದ ಹೊಸಾ ಬಟ್ಟೀರಿ. ನೀರಾಗ ಹಾಕ್ಲಿಕ್ಕ ಮನಸ್ಸಾಗಲಿಲ್ಲ," ಎಂದರು ಗೌಡರು.

"ಮತ್ತೆ ಸೋಸುವುದು?"

"ನನ್ನ ಹಳೀ ಸೀರ್‍ಯಾಗ್ರಿ," ಎಂದಳು ಬಾಗಿಲಲ್ಲಿ ನಿಂತ ಗೌಡತಿ. "ಇವ್ರಿಗಿ ರುಮಾಲು ಬಂತು, ನನ್ನ ಸೀರಿ ಹೋತು."

ಪ್ರೊಫೆಸರರು ಸೀರೆಯನ್ನು ವಿಶ್ವವಿದ್ಯಾಲಯ ಒದಗಿಸಿಲ್ಲವೆಂದು ಗುರುತು ಹಾಕಿಕೊಂಡರು.

ಬೀಗರು

ಅಷ್ಟರಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡ ಒಬ್ಬರು ಕುಂಟುತ್ತ ಬಂದರು. ಸಮಿತಿಯ ಮುಖ ಅರಳಿತು. ಡಾಕ್ಟರರಿಗೆ ಜೀವ ಬಂತು. ಪ್ರೊಫೆಸರರು ತಾವೇ ಕೂತು ಪಟ್ಟಿ ಬಿಚ್ಚಿದರು. ಒಳಗೆ ಆರೋಗ್ಯವಂತ ಕಾಲು.

"ಹುಣ್ಣು ಎಲ್ಲಿದೆ?"

"ಈ ಕಾಲಾಗ ಇತ್ತೋ ಆ ಕಾಲಾಗ ಇತ್ತೋ, ನೆನಪಿಲ್ರಿ. ಮಾಯ್ದು ಭಾಳ ದಿನ ಆತು."

ಗೌಡರು ಕೈಮುಗಿದರು. "ನಮ್ಮ ಬೀಗರ್‍ರಿ, ದಂಡೋತಿಯವರು. ದೂರದಿಂದ ಬಂದ ಮಂದೀನ ಬರಿಗೈಲೆ ಹೆಂಗ ಕಳಸೂದಂತ ಕರಸೀನಿ."

ಬೀಗರು ಇನ್ನೊಂದು ಕಾಲನ್ನೂ ಮುಂದೆ ಚಾಚಿದರು. "ಇದನ್ನೂ ನೋಡ್ರಿ, ಸಂಕೋಚ ಮಾಡಬ್ಯಾಡ್ರಿ."

ರೋಗಿಗಳು ಸಿಗದ ಕಾರಣ ರೋಗ ವಾಸಿಯಾದುದನ್ನು ಪರಿಶೀಲಿಸಲಾಗಲಿಲ್ಲ, ಸಂಶೋಧನೆ ಅದೇ ಸ್ಥಳದಲ್ಲಿ ಮುಂದುವರಿಯಲಿ ಎಂದು ಸಮಿತಿ ತೀರ್ಮಾನಿಸಿತು. ಡಾಕ್ಟರರು ನಿವೃತ್ತಿಯಾಗುವವರೆಗೆ ಅಲ್ಲೇ ಇದ್ದರು. ರೋಗಿ ಬರಲಿಲ್ಲ.