ಕೆಂಪರಗಿನ ಬ್ರೇಕು

ಲಾರಿ ನನ್ನದು, ಬ್ರೇಕು ನನ್ನದು, ರಿಪೇರಿಯೂ ನನ್ನದೇ! ಚನ್ನಪಟ್ಟಣದಲ್ಲಿ ಬೊಂಬೆ ಕಡೆದೂ ಕಡೆದೂ ತಲೆ ನೆರೆತ ಈ ಗಂಗಹನುಮಯ್ಯ, ಬ್ರೇಕ್ ಶೂ ಬದಲಾಯಿಸಲು ಮೆಕ್ಯಾನಿಕ್ಕನ ಕಾಲು ಹಿಡಿಯಬೇಕೆ? ಛೆ!

"ನಾಳೆ ಮಧ್ಯಾಹ್ನದೊಳ್ಗೆ ಬೊಂಬೆ ಮೈಸೂರಲ್ಲಿರ್ಬೇಕು. ಮಾತು ಕೊಟ್ಟಿರೋಳು ನಾನು. ತಪ್ಪಿದ್ರೆ ಆ ಅಂಗಡಿ ಬಾಗ್ಲು ನಮ್ಗೆ ಮುಚ್ದಂಗೇಯ. ಸುಮ್ಕೆ ಅಸದುಲ್ಲಾನ ಕರೀರಿ," ಎಂದಳು ಹೆಂಡತಿ ಶಿವಲಿಂಗಮ್ಮ.

"ಅವನೇನು ಬ್ರಹ್ಮನಾ? ನಂಗೂ ಎರಡು ಕೈ ಐತೆ!"

ಮನೆ ಮುಂದೆಯೇ ಜಾಕ್ ಏರಿಸಿ ಹಿಂದಿನ ಚಕ್ರಗಳನ್ನು ಬಿಚ್ಚಿದೆ. ಕೀಲುಗಳಿಗೆ ಮಾತ್ರ, ಮಗುವಿಗೆ ಕಾಡಿಗೆ ಇಡುವಷ್ಟು ನಾಜೂಕಾಗಿ ಗ್ರೀಸು ಹಚ್ಚಿದೆ. ಚಕ್ರ ಹಿಡಿದು ನಿಲ್ಲಿಸುವ ಲೈನಿಂಗ್ ಪಟ್ಟಿಯ ಮೇಲೆ ಒಂದು ತೊಟ್ಟೂ ಬೀಳಲಿಲ್ಲ. ಯಾರು ಬೇಕಾದರೂ ಬಂದು ನೋಡಲಿ! ಆದರೆ ಆ ಹೊಸ ಲೈನಿಂಗನ್ನು ಶೂಗೆ ಕೂರಿಸುವ ರಿವೆಟ್ಟುಗಳೇ ಸಾಲದಾದವು.

ಹೆದರುವ ಪೈಕಿಯೇ ನಾನು? ಮನೆ ತುಂಬ ಬೊಂಬೆಗೆ ಬಣ್ಣ ಕೊಡುವ ಅರಗಿದೆ! ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಸಾಕು, ಉಜ್ಜಿದ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ. ಆರಿತೋ, ಮೊಮ್ಮಕ್ಕಳ ಕಾಲಕ್ಕೂ ಬಿಡುವುದಿಲ್ಲ. ಕೆಂಪರಗು ಕಾಯಿಸಿ ಸುರಿದು ಲೈನಿಂಗ್ ಅಂಟಿಸಿಯೇಬಿಟ್ಟೆ.

"ಬ್ರೇಕಿಗೂ ಅರಗಾ?"

"ಬೊಂಬೆ ಮೇಲೆ ನಿಂತದ್ದು ಇದ್ರ ಮೇಲೆ ನಿಲ್ಲಲ್ವಾ?"

ಬೆಳಿಗ್ಗೆ ಬೊಂಬೆ ಮೂಟೆಗಳನ್ನು ಏರಿಸಿ, ಶಿವಲಿಂಗಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಬೀದಿಯವರೆಲ್ಲ ನೋಡಲೆಂದು ಮನೆಗೊಂದು ಸಲ ಬ್ರೇಕ್ ಒತ್ತಿದೆ. ಆಹಾ, ಏನು ಹಿಡಿತ!

"ಏನ್ರೀ, ಕಮಟು ವಾಸ್ನೆ?"

"ಅದು ನಮ್ಮ ಕಸುಬಿನ ಘಮ ಕಣೇ!"

ಬೀದಿಯ ಕೊನೆಯಲ್ಲಿ, ಅಸದುಲ್ಲಾನ ಗ್ಯಾರೇಜಿನ ಮುಂದೆಯೇ ಲಾರಿ ನಿಲ್ಲಿಸಿದೆ. ಬ್ರೇಕ್ ಮೇಲಿನ ಕಾಲು ತೆಗೆಯದೆ, ಸ್ವಂತ ದುಡಿಮೆಯ ಮಹಿಮೆ ಕುರಿತು ಕಿಟಕಿಯಿಂದಲೇ ಅವನಿಗೆ ಭಾಷಣ ಬಿಗಿದೆ. ಭಾಷಣ ಮುಗಿಯಿತು. ಬ್ರೇಕಿನಿಂದ ಕಾಲು ತೆಗೆದು ಗೇರ್ ಹಾಕಿದೆ. ಎಂಜಿನ್ ಅರಚಿತು, ಹೊಗೆ ಎದ್ದಿತು. ಸಾವನದುರ್ಗದ ಬೆಟ್ಟವಾದರೂ ಅಲ್ಲಾಡೀತು, ಲಾರಿ ಅಲ್ಲಾಡಲಿಲ್ಲ!

"ಹೋಯ್ತಾನೇ ಇಲ್ವಲ್ರೀ!"

"ಬ್ರೇಕು ಹಿಡಿದೈತೋ ಇಲ್ವೋ, ಅದ ಹೇಳು!"

ಅಸದುಲ್ಲಾ ಬಂದು ಚಕ್ರ ಬಿಚ್ಚಿ, ಸುತ್ತಿಗೆಯಲ್ಲಿ ಬಡಿದೂ ಬಡಿದೂ ಬ್ರೇಕನ್ನು ಮುಚ್ಚಿದ್ದ ಡ್ರಮ್ ಕಿತ್ತ. ಒಳಗೆಲ್ಲ ಕೆಂಪು ಅರಗು ಕರಗಿ, ಹರಡಿ, ಆರಿ ಫಳಫಳ ಹೊಳೆಯುತ್ತಿತ್ತು.

"ಏನ್ಲಾ ಗಂಗ, ಬ್ರೇಕ್ ಕಟ್ಟಿದ್ಯೋ, ಬುಗುರಿ ಮಾಡಿದ್ಯೋ?"

"ಜನ್ಮವೆಲ್ಲ ಉಜ್ಜಿ ಉಜ್ಜಿ ಅರಗು ಕರಗಿಸ್ದೋರು," ಎಂದಳು ಶಿವಲಿಂಗಮ್ಮ, "ಬ್ರೇಕೂ ಉಜ್ಜುತ್ತೆ ಅಂತ ಗೊತ್ತಾಗ್ನಿಲ್ವಾ?"

"ಗೊತ್ತಿತ್ತು! ಇಷ್ಟು ಚೆನ್ನಾಗಿ ಹತ್ತುತ್ತೆ ಅಂತ ಗೊತ್ತಿರ್ಲಿಲ್ಲ, ಅಷ್ಟೇ!"

ಅವಳು ಆ ಕಡೆ ಬರುತ್ತಿದ್ದ ಮುನಿಶಾಮಯ್ಯನ ಎತ್ತಿನಗಾಡಿಯನ್ನು ತಡೆದು, ಮೂಟೆಗಳನ್ನೆಲ್ಲ ಅದಕ್ಕೆ ಹೇರಿಸಿ, ಮೇಲೆ ಹತ್ತಿ ಕೂತು ರೈಲ್ವೆ ಸ್ಟೇಷನ್ನಿನ ಕಡೆ ಹೊರಟೇಬಿಟ್ಟಳು. ನನ್ನ ಲಾರಿಯನ್ನು ಸವರಿಕೊಂಡು ಗಾಡಿ ಮುಂದೆ ಹೋಯಿತು. ನಾನು ಬಿಡುತ್ತೇನೆಯೇ?

"ಲೇ, ಆ ಗಾಡಿಗೆ ಬ್ರೇಕೇ ಇಲ್ಲ ಕಣೇ!"

"ಅದ್ಕೇ ಹೋಯ್ತಾ ಐತೆ!" ಮೂಟೆಗಳ ಮೇಲಿಂದಲೇ ತಿರುಗಿ ಕೂಗಿದಳು. "ನಿಮ್ದು ಕೆಂಪಿಗೆ ನಿಂತೈತೆ, ಮುಂದಿನ್ಸಲ ಹಸ್ರು ಅರಗು ಹಾಕ್ರೀ, ಹೊಂಟ್ರೂ ಹೊಂಟಾತು!"