ದಾರೋಗರ ಕೈಚೀಲ

ಆ ಬೆಳಿಗ್ಗೆ ಕೈಚೀಲ ಹಿಡಿದು ಸಂತೆಗೆ ಹೋದದ್ದೇ ಗಿಡ್ಡಪ್ಪನವರು ಮಾಡಿದ ತಪ್ಪು. ಅಲ್ಲಿಯವರೆಗೆ ಅವರು ಮುದ್ರೆಯ ಪೆಟ್ಟಿಗೆಯನ್ನು ಮಾತ್ರ ಒಯ್ಯುತ್ತಿದ್ದರು.

ನಿಜಾಮರ ಆ ಕಾಲದಲ್ಲಿ ಮಸ್ಕಿ ಸಂತೆಯ ಮಾಂಸ ಪರೀಕ್ಷೆ ಮಾಡುವ ದಾರೋಗ ಅವರು. ಕೊಯ್ದ ಕುರಿಯ ಯಕೃತ್ತು, ಶ್ವಾಸಕೋಶ ನೋಡಿ, ರೋಗವಿಲ್ಲದಿದ್ದರೆ ತಿನ್ನಲು ಯೋಗ್ಯವೆಂದು ಒಂದು ದುಂಡು ಮುದ್ರೆ. ಆಮೇಲೆ ಎಳೆಯದೋ ಬಲಿತದ್ದೋ, ಕೊಬ್ಬು ಹೇಗಿದೆಯೋ ನೋಡಿ ಇನ್ನೊಂದು ಮುದ್ರೆ: ಅವ್ವಲ್, ದೋಯಂ ಇಲ್ಲವೆ ಸೋಯಂ, ಅಂದರೆ ಒಂದು, ಎರಡು, ಮೂರನೆಯ ದರ್ಜೆ. ಒತ್ತುವ ಮುನ್ನ ಕಣ್ಣು ಮುಚ್ಚಿ, ತಪ್ಪಿಲ್ಲ ತಾನೆ ಎಂದು ತಮ್ಮನ್ನೇ ಕೇಳಿಕೊಳ್ಳುವರು. ಒತ್ತಿದ ಮೇಲೂ ಕೇಳಿಕೊಳ್ಳುವರು. ತಾವು ಮಾತ್ರ ಅಲ್ಲಿ ಒಂದು ಎಲುಬನ್ನೂ ಕೊಳ್ಳುತ್ತಿರಲಿಲ್ಲ. ಜನ ಲಂಚವೆಂದಾರು ಎಂಬ ಭಯ. ಅವರ ಮನೆಯಲ್ಲಿ ಖಂಡದ ಸಾರು ಕುದಿಯುತ್ತಿದ್ದದ್ದು ಕನಸಿನಲ್ಲಿ ಮಾತ್ರ.

ಆದರೆ ಅಂದು ಮಗಳು ಅಯ್ಯಮ್ಮನನ್ನು ನೋಡಲು ಗುರುಗುಂಟಾದಿಂದ ಗಂಡಿನ ತಂದೆ ಬರುವವರಿದ್ದರು. ಗೊತ್ತು ಮಾಡಿದವಳು ಪಕ್ಕದ ಮನೆಯ ಪೀರಮ್ಮ.

"ಭಾಳ ಅನುಕೂಲಸ್ತರ್ರೀ. ಆದ್ರ ಖಂಡ ಇಲ್ಲದ ಎಡಿ ಮುಂದ ಕುಂದ್ರಂಗಿಲ್ಲ. ಒಂದ್ ಮನ್ಯಾಗ ಬ್ಯಾಳಿ ಸಾರು ನೋಡಿ ಎದ್ದು ಹೋಗ್ಯಾರ. ಆ ಹುಡುಗಿ ಇನ್ನೂ ಹಂಗ ಕುಂತಾಳ!"

ಹಳ್ಳದ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಬೆಟ್ಟ ನೀರಿನಲ್ಲಿ ತೇಲಿದಂತೆ ಕಾಣುತ್ತಿತ್ತು. ಗಿಡ್ಡಪ್ಪನವರು ನೇರಳೆ ಶಾಯಿಯ ಮುದ್ರೆ ಒತ್ತುತ್ತ ಹೋದರು. ಒಂದೊಂದು ಮುದ್ರೆಯೂ ಅವರ ಕಣ್ಣಿಗೆ ಮದುವೆ ಹಂದರದ ಹೂವಾಗಿ ಅರಳಿತು. ಕೆಲಸ ಮುಗಿದ ಮೇಲೆ, ಅರೆನಿದ್ದೆಯಲ್ಲಿದ್ದವರಂತೆ, ಚೀಲ ಹಿಡಿದು ಮಲೀಕಸಾಬನ ಮಾಂಸದಂಗಡಿಯತ್ತ ತಿರುಗಿದರು.

ಸಂತೆಯೇ ಉಸಿರು ಬಿಗಿಹಿಡಿಯಿತು. ಉರ್ದು ಮುದ್ರೆ ಓದಲು ಬರುವವರು ಅಲ್ಲಿ ಎಷ್ಟು ಮಂದಿ? ದಾರೋಗರ ಚೀಲ ಎತ್ತ ಹೋಗುತ್ತದೆಂಬುದು ಮಾತ್ರ ಎಲ್ಲರಿಗೂ ಓದಲು ಬರುತ್ತಿತ್ತು.

"ಏನ್ರೀ ದಾರೋಗರ!" ಎದುರು ಅಂಗಡಿಯ ಗೌಸ್‌ಸಾಬ್ ಕೂಗಿದ. "ನನಗೂ ಅವ್ವಲ್ ಒತ್ತೀರಿ. ಚೀಲ ಯಾಕ ಅಕಡಿ ಹೊಂಟೈತಿ?"

ಗಿಡ್ಡಪ್ಪ ಗಾಬರಿಯಾಗಿ ಇತ್ತ ತಿರುಗಿದರು. ಮಲೀಕಸಾಬ ಕತ್ತಿ ಕೆಳಗಿಟ್ಟ. "ಹಂಗಾದ್ರ ನನ್ನ ಅವ್ವಲ್ ಸುಳ್ಳೇನ್ರೀ?"

ಎರಡೂ ಬೇಡವೆಂದು ಅವರು ಜುಬೇದಾಬೀಯ ಕೋಳಿ ಬುಟ್ಟಿಗೆ ಬಂದರು. ಒಂದು ಹುಂಜದ ರೆಕ್ಕೆ ಎತ್ತಿ, ಎದೆ ಒತ್ತಿ, ಕಣ್ಣು ನೋಡಿ, ತಪ್ಪಿಲ್ಲ ತಾನೆ ಎಂದು ಯೋಚಿಸುವಷ್ಟರಲ್ಲಿ ಇಬ್ಬರು ಹೆಂಗಸರು ಅದನ್ನು ಕಸಿದುಕೊಂಡು ಜಗಳಕ್ಕೆ ನಿಂತರು. ಇನ್ನೊಂದನ್ನು ಎತ್ತಿ ಸುಮ್ಮನೆ ಕೆಳಗಿಟ್ಟರು.

"ಅಯ್ಯಯ್ಯೋ, ಅದರಾಗ ಏನ್ ಕಂಡ್ರಿ?" ಜುಬೇದಾಬೀ ಎದೆ ಬಡಿದುಕೊಂಡಳು. "ನೀವು ಇಳಿಸಿದ ಕೋಳಿ ಇನ್ನ ಯಾರ್ ಒಯ್ತಾರ? ಅಳಿಯನ್ನೂ ಹಿಂಗ ರೆಟ್ಟಿ ಹಿಡದು ನೋಡ್ತೀರೇನು?"

ಗಿಡ್ಡಪ್ಪ ಬೆವರೊರೆಸಿಕೊಂಡು ಹುಣಿಸೆಮರದ ಹಿಂದೆ ಸರಿದರು. ಅಲ್ಲಿ ಪೀರಮ್ಮ ಸಿಕ್ಕಳು.

"ಅವ್ವಾ, ನೀ ನಿನ್ನ ಹೆಸರಿಲೆ ಖಂಡ ತಗೊಂಬಾ. ಯಾರ ಅಂಗಡೀದಾದ್ರೂ ಸೈ. ಯಾರಿಗೂ ಹೇಳಬ್ಯಾಡ."

"ನಾ ಏನ್ ಡಂಗುರ ಹೊಡ್ಯಾಕೇನ್ರೀ? ನೀವು ಸುಮ್ನ ಮನಿಗಿ ನಡೀರಿ."

ಯಾರಿಗೂ ಅನುಮಾನ ಬರಬಾರದೆಂದು ಗಿಡ್ಡಪ್ಪ ಚೀಲದ ತುಂಬ ಬದನೆಕಾಯಿ ತುಂಬಿಸಿ, ಎರಡೂ ಅಂಗಡಿಗಳ ನಡುವಿನಿಂದ ಕಾಣುವಂತೆಯೇ ನಡೆದುಹೋದರು. ದಾರಿಯುದ್ದಕ್ಕೂ ಕಾಲು ನೆಲಕ್ಕೆ ತಾಗಲಿಲ್ಲ. ಬೇವಿನಲ್ಲಿ ಕೂಗಿದ ಹಕ್ಕಿಯೂ ಶಹನಾಯಿಯಂತೆ ಕೇಳಿತು.

ಬದನೆಕಾಯಿಯನ್ನು ಹೆಂಡತಿ ಯಮನಮ್ಮ ಒಳಗೊಯ್ದು ಒಲೆಗೇರಿಸಿದಳು. ಹೊತ್ತೇರಿದ ಮೇಲೆ ಪೀರಮ್ಮ ಓಡೋಡಿ ಬಂದು ಅಂಗಳದಲ್ಲಿ ಉಡಿ ಬಿಚ್ಚಿದಳು. ಅದರ ತುಂಬ ಬದನೆಕಾಯಿ.

"ಖಂಡ ಎಲ್ಲೈತಿ?"

"ಯಾರ್ ತರ್ತಾರ್ರೀ? ದಾರೋಗರ ಬದನಿಕಾಯಿ ಒಯ್ದಾರಂದ್ರ ಇವತ್ತಿನ ಖಂಡದಾಗ ಏನೋ ಐತಿ ಅಂತ ಸಂತಿಗಿ ಸಂತೀನ ಬದನಿಕಾಯಿಗಿ ಬಿದ್ದೈತಿ. ಮಲೀಕಸಾಬ ನೊಣ ಹೊಡ್ಕೊಂತ ಕುಂತಾನ."

"ತಿನ್ನಾಕ ಅಡ್ಡಿಲ್ಲಂತ ನಾನ ಮುದ್ರಿ ಒತ್ತೀನಲ್ಲ!"

"ಒತ್ತೀರಿ ಖರೆ. ಒಯ್ದಿಲ್ಲಲ್ಲ! ಬದನಿಕಾಯಿ ನೆಪ ಅಂತ ನನಗ ಗೊತ್ತಿತ್ತು. ಆದ್ರ ಅಷ್ಟು ಮಂದಿ ಅಂದ ಮ್ಯಾಲ ನನಗೂ ಒಂಥರಾ ಆತು. ಬೀಗರ ಹೊಟ್ಟಿ ಕೆಟ್ರ ಯಾರ್ ಹೊಣಿ?"

ಗಿಡ್ಡಪ್ಪನವರಿಗೇ ಈಗ ಅನುಮಾನ ಶುರುವಾಯಿತು. ಗೌಸ್‌ಸಾಬನ ಕುರಿಯ ಯಕೃತ್ತನ್ನು ಸರಿಯಾಗಿ ನೋಡಿದ್ದೆನೇ? ಆದದ್ದಾಗಲಿ ಎಂದು ಮತ್ತೆ ಸಂತೆಗೆ ಓಡಲು ಬಾಗಿಲಿಗೆ ಬಂದರು. ಬಾಗಿಲು ತುಂಬ ದೊಡ್ಡ ರುಮಾಲಿನ ಆಸಾಮಿಯೊಬ್ಬರು ನಿಂತಿದ್ದರು. ಅವರ ಹಿಂದೆ, ದಿಬ್ಬಣ ಬಂದಂತೆ, ಒಂದು ಹಿಂಡು ಕುರಿ.

"ನಾನ ಗುರುಗುಂಟಾದ ಗದ್ದೆಪ್ಪ," ಎಂದು ಅವರು ಧಡಕ್ಕನೆ ಕಟ್ಟೆಯ ಮೇಲೆ ಕುಳಿತರು. "ತಪ್ಪ ತಿಳೀಬ್ಯಾಡ್ರಿ, ಕುರಿ ಕೂಡ ಬಂದೀನಿ. ಯಾವಾಗ್ಲೂ ಮಾರಾಕ ಮುದಗಲ್ ಸಂತಿಗಿ ಹೊಡೀತಿದ್ದೆ. ಹೆಂಗೂ ಬೀಗಸ್ತನ ಬೆಳಸಾಕ ಹೊಂಟೀನಲ್ಲ, ಒಂದ್ ಸಲ ಮಸ್ಕಿ ಸಂತಿ ನೋಡೋಣು ಅಂದೆ. ಒಂದ್ ಕುರೀನೂ ಹೋಗಲಿಲ್ಲ!"

"ಯಾಕ್ರೀ?" ಗಿಡ್ಡಪ್ಪನವರ ದನಿ ಬಾವಿಯೊಳಗಿಂದ ಬಂದಂತಿತ್ತು.

"ಯಾವನೋ ಒಬ್ಬಂವ ಚೀಲ ತುಂಬ ಬದನಿಕಾಯಿ ಹೊತ್ಕೊಂಡು ಸಂತ್ಯಾಗ ಮೆರದಾಡ್ಯಾನಂತ. ಅವನ್ನ ನೋಡಿ ಖಂಡ ತಗೊಳ್ಳೋರ ಇಲ್ಲ. ಇದ್ದ ಖಂಡ ಹೋಗದ ಅಂಗಡಿಯವ್ರು ಕುರಿ ಯಾಕ ಕೊಳ್ತಾರ? ಅಂವ ನನ್ನ ಕೈಗಿ ಸಿಗಬೇಕು, ಜಲಮದಾಗ ಬದನಿಕಾಯಿ ಹೆಸರು ಎತ್ತಬಾರದು!"

ಪೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಉಡಿಯನ್ನು ಬೆನ್ನ ಹಿಂದೆ ಸರಿಸಿದಳು.

ಒಳಗೆ ಒಗ್ಗರಣೆಯ ಸದ್ದಿನಲ್ಲಿ ಯಮನಮ್ಮನಿಗೆ ಇದಾವುದೂ ಕೇಳಿಸಿರಲಿಲ್ಲ. ತಲೆಯ ಮೇಲೆ ಸೆರಗೆಳೆದುಕೊಂಡು, ಹಬೆಯಾಡುವ ಬದನೆಯ ಎಣಗಾಯಿ ತುಂಬಿದ ತಾಟನ್ನು ಬೀಗರ ಮುಂದೆ ತಂದಿಟ್ಟಳು.

"ಸಂಕೋಚ ಮಾಡಬ್ಯಾಡ್ರಿ ಅಣ್ಣಾರ," ಎಂದಳು ಅಭಿಮಾನದಿಂದ. "ನಮ್ಮವ್ರು ಚೀಲ ತುಂಬ ತಂದಾರ."